ಹೊಸ್ತಿಲ ಐಸು

ಏಪ್ರಿಲ್ 23, 2007, ಸೋಮವಾರ

ಪುಣೆಯ ಕಂಪನಿಯ ಶ್ರೀಕಾಂತ ಎಂಬವರು ಇಂದು ಕಾರಿನಲ್ಲಿ ಬಂದಿಳಿದು ನನಗೆ ಎರಡು ಉಡುಗೊರೆ ಕೊಟ್ಟರು. ಒಂದು ಈ ಡೈರಿ, ಇನ್ನೊಂದು ಹಳದಿ ಹೆಲ್ಮೆಟ್ಟು. ಏಪ್ರಿಲ್ ಕೊನೆಗೆ ಡೈರಿ ಹಂಚುವವರನ್ನು ಎಷ್ಟು ನಂಬಬೇಕೋ ತಿಳಿಯದೆ, ಜನವರಿಯಿಂದ ಇಲ್ಲಿಯವರೆಗಿನ ಹಾಳೆ ಹಾರಿಸಿ ಬರೆಯುತ್ತಿದ್ದೇನೆ. ಹೆಲ್ಮೆಟ್ಟು ಮಾತ್ರ ಸಮಯಕ್ಕೆ ಸರಿಯಾಗಿ ಬಂದಿದೆ. ಪ್ಲಾಂಟಿನ ಚಾವಣಿಯ ಗಾರೆ ಉದುರಲು ಶುರುವಾಗಿದೆ.

ಮೀನು ಮುಟ್ಟದ ಮನೆಯಲ್ಲಿ ಹುಟ್ಟಿ, ಬಿ.ಕಾಂ. ಓದಿ, ಬೇಲೆಕೇರಿ ಮೀನುಗಾರರ ಸಂಘದ ಕಾರ್ಯದರ್ಶಿಯಾಗಿ ಸತ್ತ ಬಂಗಡೆಗೆ ತಂಪು ಹಾಸಿಗೆ ಒದಗಿಸುವುದು ನನ್ನ ವೃತ್ತಿ. ಬೆಳಿಗ್ಗೆ ಶಿರವಾಡದ ಬಾಡಿಗೆ ಮನೆಯಲ್ಲಿ ಜಪ, ಆಮೇಲೆ ಅವರ ಐಸ್ ಪ್ಲಾಂಟು. ಸಂಜೆ ಬಸ್ಸು ಹತ್ತುವ ಮೊದಲು ಆಫೀಸಿನಲ್ಲಿ ಅಂಗಿ ಬದಲಿಸುತ್ತೇನೆ. ಇಲ್ಲವಾದರೆ ನಮಿತಾ ಬಾಗಿಲಲ್ಲೇ ನಿಂತು, "ಯಂಗೆ ಗಂಡ ಬರಲಿ, ಸಂಘ ಬಪ್ಪದು ಬ್ಯಾಡ" ಎನ್ನುತ್ತಾಳೆ. ಹೀಗಾಗಿ ಬದಲಿ ಅಂಗಿಯೊಂದು ಕಪಾಟಿನಲ್ಲಿ ಸದಾ ಸಿದ್ಧ.

ಅವರ ಪ್ಲಾಂಟಿನ ಕಂಪ್ರೆಸರ್ ನನ್ನ ಓರಗೆಯದು. ಎಲ್ಲರೂ ಅದನ್ನು ಅಜ್ಜ ಎನ್ನುತ್ತಾರೆ, ಅದರಿಂದ ನನಗೆ ಸ್ವಲ್ಪ ಬೇಸರ. ಅಜ್ಜನ ಆಯಸ್ಸು ಮುಗಿದರೆ ಐಸೂ ಮುಗಿಯಿತು. ಹೊಸದಕ್ಕೆ ಸಂಘದಲ್ಲಿ ಬಂಡವಾಳವಿಲ್ಲ. ಶ್ರೀಕಾಂತರ ಮಾತು ಹೀಗೆ: "ನಿಮ್ಮ ಪ್ಲಾಂಟು, ನಮ್ಮ ಜಾಣತನ, ಮೂರನೆಯವರ ದುಡ್ಡು." ಮುಂಬಯಿಯ ಯಾವುದೋ ಬ್ಯಾಂಕು ಅವರಿಗೆ ಕೊಡುತ್ತದೆ, ಅವರು ಹೊಸ ಯಂತ್ರ ಹೂಡುತ್ತಾರೆ, ಕರೆಂಟಿನಲ್ಲಿ ಆಗುವ ಉಳಿತಾಯದಿಂದಲೇ ಅದು ತೀರುತ್ತದೆ. ಉಳಿತಾಯ! ಇಷ್ಟು ವರ್ಷ ನಾವು 'ಉಳಿ, ತಾಯಿ' ಎಂದು ಮೋಟಾರಿನ ಕಾಲು ಹಿಡಿದದ್ದಷ್ಟೇ.

ಏನೇ ಆದರೂ ಜೂನ್ ಹದಿನೈದರೊಳಗೆ ಸಹಿ ಆಗಬೇಕು. ಅಂದಿನಿಂದ ಮಳೆಗಾಲದ ಮೀನುಗಾರಿಕೆ ನಿಷೇಧ. ಬೋಟುಗಳು ದಡಕ್ಕೆ, ಐಸಿಗೆ ಗಿರಾಕಿ ಇಲ್ಲ. ಯಂತ್ರ ಬಿಚ್ಚಿ ಹೊಸದು ಕೂರಿಸಲು ವರ್ಷದಲ್ಲಿ ಸಿಗುವುದು ಅದೊಂದೇ ಬಿಡುವು. ತಪ್ಪಿದರೆ ಇನ್ನೊಂದು ವರ್ಷ ಅಜ್ಜನ ಮೇಲೆಯೇ ಭಾರ.

ಅಧ್ಯಕ್ಷ ಬೊಮ್ಮಯ್ಯನವರು ಕಾರು ಹೋಗುವವರೆಗೂ ಕೈ ಮುಗಿದು ನಿಂತಿದ್ದು, ಆಮೇಲೆ ನನ್ನ ಕಡೆ ತಿರುಗಿ, "ಹೆಗಡೇರೆ, ಅಜ್ಜ ಇನ್ನೊಂದು ವರ್ಷ ಎಳೂದಿಲ್ಲ. ಇದು ಆಗ್ಲೇಬೇಕು" ಎಂದರು. ಅವರ ಮುಖದಲ್ಲಿ ನಗು ಇರಲಿಲ್ಲ.

ಏಪ್ರಿಲ್ 26, ಗುರುವಾರ

ಆಡಳಿತ ಮಂಡಳಿ ಸಭೆ. ಶ್ರೀಕಾಂತರು ಬಿಟ್ಟುಹೋದ ಕರಾರಿನ ಕರಡು ಓದಿದೆ. ಕರಡಿಯಷ್ಟೇ ಒರಟು. ಎರಡು ಪುಟ ಆಗುವಷ್ಟರಲ್ಲಿ ಹೀರಾಬಾಯಿ ಕೈ ಎತ್ತಿದರು. ತಲೆ ಮೇಲೆ ಬುಟ್ಟಿ ಹೊತ್ತು ಊರೂರಿಗೆ ಮೀನು ಮಾರುವ ಹೆಂಗಸರ ಪರವಾಗಿ ಮಂಡಳಿಯಲ್ಲಿ ಇರುವವರು ಅವರೊಬ್ಬರೇ.

"ತಿಳಿಯೋ ಹಂಗೆ ಹೇಳಿ ಮಾರಾಯ್ರೆ. ನಿಮ್ಮ ಕಾಲೇಜ್ ಕನ್ನಡ ಐಸಿಗಿಂತ ಗಟ್ಟಿ."

ಕರಡು ಮಡಚಿಟ್ಟು ಬಾಯಿಯಲ್ಲಿ ಹೇಳಿದೆ. ಮೂರು ದಾರಿ. ಮೊದಲನೆಯದು ಗೇಣಿ. ಕಂಪನಿ ತನ್ನ ಖರ್ಚಿನಲ್ಲಿ ಯಂತ್ರ ಹಾಕುತ್ತದೆ. ಕರೆಂಟಿನಲ್ಲಿ ಉಳಿದದ್ದೇ ಬೆಳೆ, ಅದನ್ನು ಏಳು ವರ್ಷ ಪಾಲು ಹಂಚಿಕೊಳ್ಳುವುದು. ಬೆಳೆ ಬಾರದಿದ್ದರೆ ನಷ್ಟ ಅವರದು. ಎರಡನೆಯದು ಜಾಮೀನು. ಬ್ಯಾಂಕಿನಲ್ಲಿ ಸಾಲ ಎತ್ತುವವರು ಸಂಘದವರು, ಇಷ್ಟು ಉಳಿಸಿಯೇ ತೀರುತ್ತೇವೆಂದು ಮಾತು ಕೊಡುವವರು ಕಂಪನಿಯವರು. ಕಡಿಮೆ ಬಿದ್ದರೆ ಅವರು ತುಂಬಿಕೊಡಬೇಕು. ಮೂರನೆಯದು ದತ್ತು. ಪ್ಲಾಂಟನ್ನೇ ಹದಿನೈದು ವರ್ಷ ಅವರ ಮಡಿಲಿಗೆ ಹಾಕುವುದು. ಯಂತ್ರ ಅವರದು, ಕೀಲಿ ಅವರದು, ಐಸು ಅವರದು, ಸಂಘದವರು ಬರೀ ಗಿರಾಕಿ. ಹದಿನೈದು ವರ್ಷದ ಮೇಲೆ ಮಗು ವಾಪಸು ಮನೆಗೆ.

"ಹದ್ನೈದು ವರ್ಷ ಆದ್ಮೇಲೆ ಮಗು ಅವ್ವಿ ಗುರ್ತು ಹಿಡೀತದ್ಯಾ?" ಎಂದರು ಹೀರಾಬಾಯಿ.

"ಅದು ಬ್ಯಾಡ. ಗೇಣಿ ಬರೀರಿ ಹೆಗಡೇರೆ" ಎಂದರು ಬೊಮ್ಮಯ್ಯ. ಒಮ್ಮತ. ಇಷ್ಟು ಚೆನ್ನಾಗಿ ವಿವರಿಸಿದ್ದಕ್ಕೆ ನನಗೆ ನಾನೇ ಚಪ್ಪಾಳೆ ತಟ್ಟಿಕೊಂಡೆ, ಮನಸ್ಸಿನೊಳಗೆ.

ಈಗಿನ ಕರೆಂಟು ಖರ್ಚಿನಿಂದ ಮುಂದಿನ ಖರ್ಚು ಕಳೆದರೆ ಉಳಿತಾಯ. ಈಗಿನ ಖರ್ಚು ತಿಳಿಯಲು ಹಳೆಯ ಬಿಲ್ಲು ಸಾಲದು. ಪ್ಲಾಂಟು, ಹರಾಜು ಕಟ್ಟೆಯ ದೀಪ, ಆಫೀಸು, ಹಬ್ಬಕ್ಕೆ ಮೈಕು, ಎಲ್ಲ ಒಂದೇ ಮೀಟರಿನ ಮಕ್ಕಳು. ಆದ್ದರಿಂದ ಮೇ ಏಳರಿಂದ ಮೂರು ದಿನ ಕಂಪನಿಯ ಇಂಜಿನಿಯರ್ ಬಂದು ಅಜ್ಜನನ್ನು ಮಾತ್ರ ಪ್ರತ್ಯೇಕವಾಗಿ ಅಳೆಯುತ್ತಾರಂತೆ.

"ನೆಂಟ್ರು ಬತ್ರು ಅಂತಾಯ್ತು" ಎಂದರು ಬೊಮ್ಮಯ್ಯ. "ಒಂದ್ ಹೊಲಸು ಕಾಣೂಕಾಗ."

ಮೇ 4, ಶುಕ್ರವಾರ

ಹೆಣ್ಣು ನೋಡಲು ಬರುವ ಹಿಂದಿನ ದಿನವೂ ಇಷ್ಟು ಗಡಿಬಿಡಿ ಇರುವುದಿಲ್ಲ. ಬೊಮ್ಮಯ್ಯ ಹುಕುಂ ಕೊಟ್ಟರು, ಯೋಜನೆ ನನ್ನದು. ಕಂಡೆನ್ಸರ್ ಕೊಳವೆಗಳಿಗೆ ಅಂಟಿದ್ದ ಸುಣ್ಣದ ಹಕ್ಕಳೆಯನ್ನು ಮೆಷಿನ್ ನೋಡುವ ಬೀರು ನಾಲ್ಕು ದಿನ ಕೂತು ಕೆರೆದ. ಐಸ್ ಕೋಣೆಯ ಬಾಗಿಲಿಗೆ ಹೊಸ ರಬ್ಬರು ಬಂತು. ಗೋಡೆಗೆ ಸುಣ್ಣ ಬಳಿದಾಯಿತು. ಅದಿರು ಲಾರಿಗಳ ಕೆಂಪು ಧೂಳು ಕೂತಿದ್ದ ಕಿಟಕಿಯ ಹಿಂದೆ ಗಾಜು ಇರುವುದು ಇಂದೇ ಗೊತ್ತಾದದ್ದು.

ಕೊನೆಗೆ ಉಳಿದದ್ದು ಹೊಸ್ತಿಲು. ಇಲ್ಲಿನ ರಿವಾಜು: ಬೋಟಿನವರು ಐಸ್ ಗಡ್ಡೆಯನ್ನು ಕೋಣೆಯಿಂದ ಎಳೆದು ತರುವಾಗ ಹೊಸ್ತಿಲ ಈಚೆ ಉದುರಿದ ಚೂರೆಲ್ಲ ಬುಟ್ಟಿ ಹೆಂಗಸರದು. ಅದಕ್ಕೆ ಬೆಲೆಯಿಲ್ಲ, ತೂಕವಿಲ್ಲ, ಯಾರೂ ಕೇಳುವುದೂ ಇಲ್ಲ. ಎಳೆಯುವವರು ಬೇಕೆಂದೇ ಒರಟಾಗಿ ಎಳೆಯುತ್ತಾರೆ. ಹೆಂಗಸರು ಆರಿಸಿ ಬುಟ್ಟಿಗೆ ತುಂಬುವವರೆಗೆ ಬಾಗಿಲು ಹಾರುಹೊಡೆದಿರುತ್ತದೆ. ಹೊಸ್ತಿಲ ಆಚೆ ಚಳಿಗಾಲ, ಈಚೆ ವೈಶಾಖ, ನಡುವೆ ಜಗಳ.

ಇಂಜಿನಿಯರ ಕಣ್ಣಿಗೆ ಅದು ಬೀಳಬಾರದೆಂದು ನಾನೇ ಹೀರಾಬಾಯಿಗೆ ಹೇಳಿದೆ. ಮೂರು ದಿನ ಹೆಂಗಸರು ಹೊಸ್ತಿಲಿಗೆ ಬರುವುದು ಬೇಡ.

"ನೆಂಟ್ರ ಎದ್ರಿಗೆ ಬಗ್ಗಿ ಆರ್ಸೂಕೆ ನಮ್ಗೂ ಮನ್ಸಿಲ್ಲ ಬಿಡಿ" ಎಂದರು. "ಮೂರು ದಿನ ತಾನೇ. ಮೀನಿಗೆ ನಾನೇ ಗಾಳಿ ಹಾಕ್ತೆ."

ಮೇ 9, ಬುಧವಾರ

ಅಳತೆ ಮುಗಿಯಿತು. ಇಂಜಿನಿಯರ್ ಎಂದರೆ ಮೀಸೆ ಎಂದುಕೊಂಡಿದ್ದೆವು, ಬಂದವಳು ಅನಘಾ, ಶಿರಸಿ ಕಡೆಯ ನಮ್ಮವರ ಹುಡುಗಿ. ನನ್ನ ಹೆಸರು ಕೇಳಿದವಳೇ, "ಮಾವಯ್ಯ, ನಿಂಗ ಈ ವಾಸ್ನೆಲ್ಲಿ ಹ್ಯಾಂಗ್ ಇದ್ರಿ?" ಎಂದು ಮೂಗಿಗೆ ಕರವಸ್ತ್ರ ಹಿಡಿದಳು. "ಕಂಪು ಮೀನಿಂದು, ಕಂಪನ ಮೆಷಿನ್ದು, ಎರಡೂ ಸೇರಿ ಕಂಪನಿ" ಎಂದೆ. ನಕ್ಕಳು. ಮೀಟರುಗಳನ್ನು ಅಜ್ಜನ ಮೈಗೆ ಕಟ್ಟಿ ಮೂರು ದಿನ ಕೂತಳು.

ನಿನ್ನೆ ಮಾತ್ರ ಒಂದು ಪ್ರಶ್ನೆ ಕೇಳಿದಳು. "ಪ್ಲಾಂಟು ಯಾವಾಗಲೂ ಇಷ್ಟು ಚೊಕ್ಕ ಇರ್ತಾ?"

"ಶುಚಿಯೇ ನಮ್ಮ ರುಚಿ" ಎಂದೆ. ಅದಕ್ಕೂ ನಕ್ಕಳು. ಬರೆದುಕೊಳ್ಳಲಿಲ್ಲ.

ಸಂಜೆ ಬಸ್ ನಿಲ್ದಾಣದಲ್ಲಿ ಹೀರಾಬಾಯಿ ಕಂಡರು. ಬುಟ್ಟಿ ಅರ್ಧ ಹಾಗೇ ಇತ್ತು. ಬಂಗಡೆ ಕಣ್ಣು ಮಂಜಾಗಿ, ಹೊಟ್ಟೆ ಮೆತ್ತಗಾಗಿ. "ಯಾರೂ ತಕಳ್ಳಿಲ್ಲ. ಮೂರು ದಿನಾನೂ ಇದೇ" ಎಂದರು. ಸುಮ್ಮನೆ ನಿಂತಿದ್ದರೆ ಚೆನ್ನಾಗಿತ್ತು. ನಾನೇನೋ ತಮಾಷೆ ಮಾಡಿದೆ. ಏನೆಂದು ಇಲ್ಲಿ ಬರೆಯುವುದಿಲ್ಲ.

ಮೇ 16, ಬುಧವಾರ

ಇಂದು ಫಲಿತಾಂಶ. ಮೊದಲು ಆದದ್ದನ್ನು ಮೊದಲು ಬರೆಯಬೇಕು, ಇಲ್ಲದಿದ್ದರೆ ಬೆಳಿಗ್ಗೆಗೆ ನಾನೇ ನಂಬುವುದಿಲ್ಲ.

ಅನಘಾ ಎದ್ದು ನಿಂತು, "ನಿಮ್ಮ ಪ್ಲಾಂಟಿನ ಸ್ಥಿತಿ ನಾವು ಅಂದುಕೊಂಡದ್ದಕ್ಕಿಂತ ತುಂಬಾ ಚೆನ್ನಾಗಿದೆ. ಹಳೆ ಯಂತ್ರವಾದರೂ ಕರೆಂಟು ಪೋಲಾಗುವುದು ಬಹಳ ಕಡಿಮೆ" ಎಂದಳು. ಮಂಡಳಿ ಚಪ್ಪಾಳೆ ಹೊಡೆಯಿತು! ಬೊಮ್ಮಯ್ಯ ಅಂಕೋಲೆಯಿಂದ ಪೇಡೆ ತರಿಸಿದ್ದರು. ಬೀರುವಿನ ಬಾಯಿಗೆ ತಾವೇ ಒಂದು ಹಾಕಿದರು. ನಾನೂ ಎರಡು ತಿಂದೆ.

ಪೇಡೆ ಗಂಟಲಲ್ಲಿ ಇರುವಾಗಲೇ ಶ್ರೀಕಾಂತರು ಹೇಳಿದರು: "ಸಂತೋಷ. ಆದರೆ ಪೋಲಾಗದ ಕಡೆ ಉಳಿಸುವುದು ಏನನ್ನು? ಉಳಿತಾಯವೇ ಇಲ್ಲದ ಮೇಲೆ ಪಾಲು ಹಂಚುವುದು ಹೇಗೆ, ಜಾಮೀನು ನಿಲ್ಲುವುದು ಹೇಗೆ? ಮೊದಲೆರಡು ಕರಾರಿಗೆ ಬ್ಯಾಂಕು ಒಪ್ಪುವುದಿಲ್ಲ. ಮೂರನೆಯದು ಬೇಕಿದ್ದರೆ ಮಾಡೋಣ."

ಬೀರು ಮಾತ್ರ ಪೇಡೆ ಅಗಿಯುತ್ತಿದ್ದ. ಅವನಿಗೆ ಇನ್ನೂ ತಿಳಿದಿರಲಿಲ್ಲ.

ಡಾಕ್ಟರ ಹತ್ತಿರ ಹೋಗುವ ಮುನ್ನ ಗುಳಿಗೆ ನುಂಗಿ ಜ್ವರ ಇಳಿಸಿಕೊಂಡು, ನಮಗೆ ಜ್ವರವಿಲ್ಲ ಎಂದು ತೋರಿಸಿ ಬಂದಂತಾಯಿತು. ಗುಳಿಗೆ ಬರೆದುಕೊಟ್ಟ ವೈದ್ಯ ಬಿ.ಕಾಂ.

ಹೊರಟಾಗ ಶ್ರೀಕಾಂತರು ನನ್ನನ್ನು ಅಂಕೋಲೆವರೆಗೆ ಕಾರಿನಲ್ಲಿ ಕರೆದೊಯ್ದು ಚಹಾ ಕುಡಿಸಿದರು. ಮೂರನೆಯ ಕರಾರಾದರೆ ಪ್ಲಾಂಟಿಗೆ ಕಂಪನಿಯ ಮ್ಯಾನೇಜರ್ ಬೇಕು. ಸ್ಥಳೀಯ ಜನ ಗೊತ್ತಿರುವವರು, ಮಾತಿನಲ್ಲಿ ಚುರುಕಿರುವವರು. ಈಗಿನ ಸಂಬಳದ ದುಪ್ಪಟ್ಟು, ಪ್ರಾವಿಡೆಂಟ್ ಫಂಡು, ಕಾರವಾರದಲ್ಲಿ ಮನೆ. "ಗೇಣಿ ಅಂತ ಮಂಡಳಿಗೆ ವಿವರಿಸಿದಿರಂತಲ್ಲ, ಮಹಾಸಭೆಯಲ್ಲಿ ಇದನ್ನೂ ಹಾಗೇ ಚೆನ್ನಾಗಿ ವಿವರಿಸಿಬಿಡಿ ಸಾಕು" ಎಂದರು. ಜೂನ್ ಮೂರಕ್ಕೆ ಮಹಾಸಭೆ.

ನಮಿತಾಳಿಗೆ ಹೇಳಿದೆ. ಒಲೆಯ ಮೇಲಿನ ಹಾಲು ಇಳಿಸಿದಳು. ಆಮೇಲೆ, "ಅಲ್ಲಿ ಬಾವಿ ನೀರು ಉಪ್ಪಿರ್ತಿಲ್ಲೆ ಅಲ್ದ?" ಎಂದಳು. ಆ ಮನೆಯಲ್ಲಿ ಆಗಲೇ ಪಾತ್ರೆ ತೊಳೆಯುತ್ತಿದ್ದಾಳೆ.

ಮೇ 17

ಗುಳಿಗೆಯ ಸಂಗತಿ ಹೇಳಲೆಂದು ಅನಘಾಳಿಗೆ ಫೋನು ಮಾಡಲು ಎರಡು ಸಲ ಎಸ್‌ಟಿಡಿ ಬೂತಿಗೆ ಹೋದೆ. ಎರಡು ಸಲವೂ ಸರದಿಯಲ್ಲಿ ಬೇರೆಯವರಿದ್ದರು. ಮೂರನೆಯ ಸಲ ಯಾರೂ ಇರಲಿಲ್ಲ, ಆದ್ದರಿಂದ ಹೋಗಲಿಲ್ಲ.

ಮೇ 22, ಮಂಗಳವಾರ

ಅಜ್ಜ ನಿಂತ. ಬೆಳಿಗ್ಗೆ ಬೋಟುಗಳು ಸಾಲಾಗಿ ಐಸಿಗೆ ಕಾಯುವ ಹೊತ್ತಿಗೇ ಗಂಟಲಲ್ಲಿ ಏನೋ ಸಿಕ್ಕಿದಂತೆ ಸದ್ದು, ಅಮೋನಿಯದ ಘಾಟು, ಆಮೇಲೆ ಮೌನ. ಇಷ್ಟು ವರ್ಷ ಆ ಸದ್ದಿಗೆ ಬೈಯುತ್ತಿದ್ದವನು ನಾನು. ಇಂದು ಅದು ನಿಂತಾಗ ಕೈಯಲ್ಲಿದ್ದ ಕಾಗದ ಬಿಟ್ಟು ಮೊದಲು ಓಡಿದವನೂ ನಾನೇ.

ಬೋಟಿನವರು ಕಾರವಾರದ ಬೈತಕೋಲ ಬಂದರಿಗೆ ಟೆಂಪೊ ಕಳಿಸಿ ಐಸು ತರಿಸಿದರು. ಟೆಂಪೊದಲ್ಲಿ ಬಂದ ಐಸಿಗೆ ಹೊಸ್ತಿಲು ಎಲ್ಲಿಂದ ಬರಬೇಕು? ಹೆಂಗಸರು ಖಾಲಿ ಬುಟ್ಟಿ ಹಿಡಿದು ಬಾಗಿಲ ಮುಂದೆ ಕೂತೇ ಇದ್ದರು. ಕಾಮಿ ಎಂಬಾಕೆ ಹೊಸ್ತಿಲನ್ನು ಕೈಯಿಂದ ಸವರಿ, "ಒಣಗಿದೆ" ಎಂದಳು, ಅಷ್ಟೇ.

ಬೀರು ಮತ್ತು ನಾನು ಸೇರಿ ಅಜ್ಜನನ್ನು ಬಿಚ್ಚಿದೆವು. ನಾನು ಅಂದರೆ, ಟಾರ್ಚು ಹಿಡಿದೆ, ಸ್ಪ್ಯಾನರ್ ಕೊಟ್ಟೆ, ಒಮ್ಮೆ ತಪ್ಪು ಸ್ಪ್ಯಾನರ್ ಕೊಟ್ಟು ಬೈಸಿಕೊಂಡೆ. ಸಂಜೆ ಹೊತ್ತಿಗೆ ಅಜ್ಜ ಕೆಮ್ಮುತ್ತ ಎದ್ದ. ಬೊಮ್ಮಯ್ಯ ಅದರ ಬೆನ್ನು ತಟ್ಟಿ, "ಇನ್ನೊಂದೇ ತಿಂಗ್ಳು ಮಾರಾಯ, ಆಮೇಲೆ ಮಲಕ್ಕ" ಎಂದರು.

ಮನೆಗೆ ಬಂದಾಗ ನಮಿತಾ ಮೂಗು ಮುಚ್ಚಿಕೊಂಡಳು. ಅಂಗಿ ಬದಲಿಸಲು ಮರೆತಿದ್ದೆ.

ಮೇ 30, ಬುಧವಾರ

ಬೊಮ್ಮಯ್ಯನವರ ಮನೆಗೆ ಹೋಗಿ ಹೇಳಿದೆ. ಅಳತೆಯ ದಿನಗಳಲ್ಲಿ ಪ್ಲಾಂಟು ಚೆನ್ನಾಗಿ ಕಂಡದ್ದು ಕೆರೆದ ಕೊಳವೆಯಿಂದ, ಹೊಸ ರಬ್ಬರಿನಿಂದ, ಮುಚ್ಚಿದ ಬಾಗಿಲಿನಿಂದ. ಕೊಳವೆಗೆ ಆಗಲೇ ಪಾಚಿ ಹಿಡಿದಿದೆ, ರಬ್ಬರು ಕಿತ್ತುಬಂದಿದೆ, ಹೆಂಗಸರು ಹೊಸ್ತಿಲಿಗೆ ಬಂದಿದ್ದಾರೆ. ದಿನಾಲು ಇರುವುದು ಹೀಗೆ. ಇದನ್ನು ಕಂಪನಿಗೆ ಹೇಳಿ ಮತ್ತೊಮ್ಮೆ ಅಳೆಸಿದರೆ ಗೇಣಿ ಕರಾರು ಉಳಿಯುತ್ತದೆ.

ಬಲೆ ನೇಯುತ್ತಿದ್ದ ಕೈ ನಿಲ್ಲಿಸಿದರು.

"ಆ ಹುಡ್ಗಿ ನಮ್ಮ ಪ್ಲಾಂಟು ಚೊಕ್ಕ ಅಂತ ಎಲ್ಲರೆದ್ರಿಗೆ ಹೇಳಿ ಹೋಯ್ತು. ಇಷ್ಟು ವರ್ಷದಲ್ಲಿ ಹೊರಗಿನವ್ರು ಒಬ್ರು ನಮ್ಗೆ ಹಂಗೆ ಹೇಳಿದ್ದುಂಟಾ? ಮೀನು ಜನ ಅಂದ್ರೆ ಮೂಗ್ ಮುಚ್ಕಳ್ಳೋರೇ ಎಲ್ಲ. ಈಗ ಹೋಗಿ, ಇಲ್ಲ ಮಾರಾಯ್ರೆ, ನಾವು ಹೊಲಸೇ, ನೀವು ಬತ್ರಿ ಅಂತ ತೊಳ್ದಿದ್ದು ಅಂತ ಹೇಳೂದಾ?"

"ಹೇಳದಿದ್ದರೆ ಪ್ಲಾಂಟು ಹೋಗುತ್ತದೆ."

"ಮರ್ಯಾದಿ ಹೋದ್ಮೇಲೆ ಪ್ಲಾಂಟು ಇಟ್ಕಂಡು ಎಂತಾ ಮಾಡೂದು? ನಾ ಹೇಳೂದಿಲ್ಲ. ನೀವೂ ಹೇಳೂಕಾಗ." ಬಲೆ ಮತ್ತೆ ಎತ್ತಿಕೊಂಡು, ನನ್ನ ಕಡೆ ನೋಡದೆ ಸೇರಿಸಿದರು: "ನಿಮ್ಗೆಂತಾ ಹೆಗಡೇರೆ, ನಿಮ್ಗೆ ಹೇಗಿದ್ರೂ ಕಂಪನಿ ಕುರ್ಚಿ ಉಂಟಂತೆ."

ಯಾರು ಹೇಳಿದರೋ. ಮೂಗು ಮುಚ್ಚಿಕೊಳ್ಳುವವರ ಪಟ್ಟಿಯಲ್ಲಿ ನನ್ನ ಮನೆಯೂ ಇದೆ, ಕಪಾಟಿನ ಅಂಗಿಯೂ ಇದೆ.

ಜೂನ್ 2, ಶನಿವಾರ

ಶ್ರೀಕಾಂತರ ಫೋನು. "ಭಾಷಣ ಸಿದ್ಧವೇ?" ಸಿದ್ಧ ಎಂದೆ. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಬರೆದಿದ್ದೇನೆ. ದತ್ತು ಎಂಬ ಮಾತು ತೆಗೆದು 'ಅಜ್ಜಿಮನೆ' ಎಂದು ಹಾಕಿದ್ದೇನೆ. ಮಗು ಅಜ್ಜಿಮನೆಗೆ ಹೋಗಿ ದುಂಡಗಾಗಿ ಬರುತ್ತದೆ.

ಓದಿ ನೋಡಿದೆ. ಎಲ್ಲರೂ ನಗುತ್ತಾರೆ. ನಕ್ಕು ಕೈ ಎತ್ತುತ್ತಾರೆ.

ಜೂನ್ 3, ಭಾನುವಾರ

ಹರಾಜು ಕಟ್ಟೆಯ ಮೇಲೆ ಮಹಾಸಭೆ. ಗಂಡಸರು ಕಂಬಗಳ ಹತ್ತಿರ, ಹೆಂಗಸರು ಬುಟ್ಟಿ ಬೋರಲು ಹಾಕಿ ಅದರ ಮೇಲೆ. ಮೇಜಿನ ಹಿಂದೆ ಶ್ರೀಕಾಂತ, ಅನಘಾ, ಬೊಮ್ಮಯ್ಯ. ಮೋಡ ಕಟ್ಟಿತ್ತು, ಗಾಳಿಯಿಲ್ಲ. ಹಿಂದಿನಿಂದ ಅಜ್ಜನ ಕೆಮ್ಮು.

ನಾನು ಎದ್ದು ಅಜ್ಜಿಮನೆಯವರೆಗೆ ಬಂದೆ. ನಕ್ಕರು. ಆಗ ಹೀರಾಬಾಯಿ ಕೂತಲ್ಲಿಂದಲೇ ಕೇಳಿದರು:

"ಹೆಗಡೇರೆ, ಒಂದೇ ಮಾತು. ಆಮೇಲೆ ಹೊಸ್ತಿಲ ಐಸು ಯಾರದ್ದು?"

ನಾಲಿಗೆಯ ತುದಿಯಲ್ಲಿ ಒಂದು ಒಳ್ಳೆಯ ಮಾತು ಬಂದು ಕೂತಿತ್ತು. ನಗಿಸಿ ದಾಟಿಸಿಬಿಡುವಂಥದ್ದು. ಅದು ಈಗ ನೆನಪಾಗುತ್ತಿಲ್ಲ. ನಾನು ಹೇಳಿದ್ದು ಇಷ್ಟೇ: "ಕಂಪನಿದು. ಹೊಸ್ತಿಲೂ ಕಂಪನಿದು."

ಯಾರೂ ನಗಲಿಲ್ಲ. ಹಾಳೆ ಇನ್ನೂ ಎರಡಿದ್ದವು, ಓದಲಿಲ್ಲ. "ಅಳೆದ ಆ ಮೂರು ದಿನ ನಮ್ಮ ದಿನಗಳಲ್ಲ" ಎಂದೆ. "ನೆಂಟರಿಗೆ ತೋರಿಸಿದ ದಿನಗಳು. ತೊಳೆಸಿದ್ದು ನಾನು, ಬಾಗಿಲು ಮುಚ್ಚಿಸಿದ್ದು ನಾನು, ಹೆಂಗಸರನ್ನು ಬರಬೇಡಿ ಎಂದದ್ದೂ ನಾನು."

ಶ್ರೀಕಾಂತರು ನನ್ನನ್ನು ನೋಡಿದ ರೀತಿಗೆ ಹೆಸರಿಲ್ಲ. ಬೊಮ್ಮಯ್ಯ ತಲೆ ತಗ್ಗಿಸಿದರು. ಕಿವಿ ಕೆಂಪಾಗಿತ್ತು. ಒಂದು ಕ್ಷಣ ಅವರು ಎದ್ದು ಹೋಗಿಬಿಡುತ್ತಾರೆ ಎಂದೇ ಅನಿಸಿತು. ಅವರು ಹೋದರೆ ಸಭೆ ಮುಗಿದಂತೆ, ಎಲ್ಲವೂ ಮುಗಿದಂತೆ.

ಆಗ ಹೀರಾಬಾಯಿ ಎದ್ದರು. ಮಾತಾಡಿದ್ದು ಬೊಮ್ಮಯ್ಯನವರ ಹತ್ತಿರ ಮಾತ್ರ, ಅಲ್ಲಿ ಬೇರೆ ಯಾರೂ ಇಲ್ಲವೇನೋ ಎಂಬಂತೆ.

"ಬೊಮ್ಮಯ್ಯಣ್ಣ, ನನ್ನ ನೋಡೂಕೆ ಬಂದಾಗ ನಮ್ಮವ್ವಿ ಪಕ್ಕದ ಮನೆ ಬಂಗಾರದ ಬಳೆ ತಂದು ನಂಗೆ ಹಾಕಿತ್ತು. ನೆನಪುಂಟಾ?"

"ನೆನಪುಂಟು" ಎಂದರು ಬೊಮ್ಮಯ್ಯ, ತಲೆ ಎತ್ತದೆ. "ನಮ್ಮನೇದೇ ಬಳೆ."

"ಮದ್ವಿ ಆಯ್ತು. ಬಳೆ ವಾಪಸ್ ಹೋಯ್ತು. ಆ ಬಳೆ ಎಲ್ಲಿ ಅಂತ ನಮ್ಮತ್ತೆ ಸಾಯೂವರೆಗೆ ಕೇಳ್ತು. ಹದ್ನೈದು ವರ್ಷ! ಒಂದ್ ದಿವ್ಸದ ಮರ್ಯಾದಿಗೆ ಹದ್ನೈದು ವರ್ಷದ ಮಾತು. ಈಗ್ಲೂ ಲೆಕ್ಕ ಅಷ್ಟೇ ಅಲ್ದಾ? ಬಳೆ ತೆಗ್ದು ತೋರ್ಸ್ಬಿಡು ಮಾರಾಯ."

ಮೊದಲು ನಕ್ಕದ್ದು ಕಾಮಿ. ಆಮೇಲೆ ಹೆಂಗಸರೆಲ್ಲ. ಆಮೇಲೆ ಕಂಬದ ಹತ್ತಿರದವರು. ಬೊಮ್ಮಯ್ಯ ನಗಲಿಲ್ಲ. ಮುಖವನ್ನು ಟವೆಲಿನಿಂದ ಒರೆಸಿಕೊಂಡು, ಎದ್ದು ನಿಂತು, ಅನಘಾಳ ಕಡೆ ತಿರುಗಿ ಹೇಳಿದರು:

"ತಂಗಿ, ಇನ್ನೊಂದ್ ಸಲ ಬಾ. ಹೇಳ್ದೆ ಬಾ. ನಾವು ಹೇಗುಂಟೋ ಹಂಗೆ ನೋಡು."

ಸಹಿಯಾದ ಅಳತೆಯನ್ನು ಬದಲಿಸಲಾಗದು ಎಂದರು ಶ್ರೀಕಾಂತ. ಅನಘಾ ಮೆಲ್ಲಗೆ, "ಸರ್, ಸಾಮಾನ್ಯ ದಿನವನ್ನೇ ಅಳೆಯಬೇಕು ಅಂತ ನಮ್ಮ ಕರಡಿನಲ್ಲೇ ಇದೆ. ತಪ್ಪು ಅಳತೆಗೆ ನಾನು ಸಹಿ ಮಾಡಿದ ಹಾಗಾಗುತ್ತದೆ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಯಾವಾಗಲೂ ಇಷ್ಟು ಚೊಕ್ಕ ಇರ್ತಾ ಅಂತ ಆನು ಆವತ್ತೇ ಕೇಳಿದ್ದಿ ಅಲ್ದ ಮಾವಯ್ಯ" ಎಂದಳು. ನಗದೆ ಕೇಳಿದ್ದಳು, ನಗಿಸಿ ಕಳಿಸಿದ್ದೆ. ಶ್ರೀಕಾಂತರು ಕರಡು ತಿರುವಿ ನೋಡಿ, ಹಾಗಾದರೆ ಇನ್ನೊಮ್ಮೆ ಅಳೆಯಿರಿ ಎಂದರು.

ರಾತ್ರಿ ನಮಿತಾ ಕೇಳಿದಳು, "ಆ ಮನೆದು ಎಂತಾ ಆತು?" ಆ ಮನೆ ಇಲ್ಲೆ ಎಂದೆ. ಮಜ್ಜಿಗೆ ಬಡಿಸಿದಳು. ಎರಡನೆಯ ಸಲ ಬಡಿಸುವಾಗ, "ಹೋಗ್ಲಿ ಬಿಡಿ, ಇಲ್ಲಿ ನೀರು ಸಿಹಿ ಇದ್ದು" ಎಂದಳು.

ಜೂನ್ 8, ಶುಕ್ರವಾರ

ಮೊನ್ನೆ ಬುಧವಾರ ಅನಘಾ ಹೇಳದೆ ಬಂದಳು. ಅಂದರೆ, ಇಡೀ ಬೇಲೆಕೇರಿಗೆ ಗೊತ್ತಿತ್ತು. ಮೂರು ದಿನ ಊರಿಗೆ ಊರೇ ಸಾಮಾನ್ಯವಾಗಿರಲು ಒದ್ದಾಡಿದ್ದನ್ನು ಹೇಗೆ ಬರೆಯಲಿ?

ಬೀರು ಬಂದು, "ಹೆಗಡೇರೆ, ದಿನಾ ನಾನು ಬಾಗ್ಲು ಎಷ್ಟು ತೆರ್ದಿಡ್ತೆ?" ಎಂದ.

"ಎಷ್ಟು ತೆರೆದಿಡ್ತೀಯೋ ಅಷ್ಟು."

"ಅದೇ ಎಷ್ಟು?"

ಹೆಂಗಸರು ಹೊಸ್ತಿಲಿಗೆ ಬಂದರು, ಆದರೆ ಜವಳಿ ಅಂಗಡಿಗೆ ಬಂದವರ ಹಾಗೆ. "ನೀ ಮೊದ್ಲು ತಕ." "ಇಲ್ಲ, ನೀನೇ ತಕ." ಜಗಳವಿಲ್ಲ! ನನಗೆ ಬೆವರು ಬಂತು. ಇದೂ ನೆಂಟರ ದಿನವೇ ಆಗಿಬಿಟ್ಟರೆ ಮತ್ತೆ ಸುಳ್ಳು ಅಳತೆ, ಮತ್ತೆ ದತ್ತು. ಕೊನೆಗೆ ಹೀರಾಬಾಯಿ ಕಾಮಿಯ ಬುಟ್ಟಿಯಿಂದಲೇ ಒಂದು ದೊಡ್ಡ ಚೂರು ಎತ್ತಿ ತಮ್ಮದಕ್ಕೆ ಹಾಕಿಕೊಂಡರು. ಕಾಮಿ ಅವರ ತವರನ್ನೂ ಸೇರಿಸಿ ಬೈದಳು. ಆಗ ಊರಿಗೆ ಜೀವ ಬಂತು. ಬಾಗಿಲು ತನ್ನ ಪಾಡಿಗೆ ಹಾರುಹೊಡೆಯಿತು, ಅಜ್ಜ ತನ್ನ ಪಾಡಿಗೆ ಏದುಸಿರು ಬಿಟ್ಟ, ಅನಘಾಳ ಮೀಟರಿನ ಮುಳ್ಳು ಏರಿತು. ಕರೆಂಟು ಪೋಲಾಗುವುದನ್ನು ಕಂಡು ಇಷ್ಟು ಖುಷಿಪಟ್ಟವರು ಭೂಮಿಯ ಮೇಲೆ ನಾವೇ ಇರಬೇಕು.

ಒಂದೇ ತೊಡಕು. ಹೊಸ್ತಿಲ ಐಸು ಎಷ್ಟೆಂದು ಕರಾರಿನಲ್ಲಿ ಬರೆಯಬೇಕು. ಗೇಣಿಯಲ್ಲಿ ಪಾಲು ಮಾಡುವ ಮೊದಲು ಬೀಜ ತೆಗೆದಿಡುವಂತೆ, ಅದನ್ನು ಮೊದಲೇ ತೆಗೆದಿಟ್ಟರೆ ನಾಳೆ ಯಾರೂ ತಕರಾರು ಮಾಡುವಂತಿಲ್ಲ. ಅನಘಾ ತಕ್ಕಡಿ ತರಿಸಿದಳು. ಹೆಂಗಸರು ಹಿಂದೆ ಸರಿದರು.

"ತೂಗಿದ್ರೆ ಅದು ಮಾಲು" ಎಂದರು ಹೀರಾಬಾಯಿ. "ಮಾಲಿಗೆ ನಾಳೆ ರೇಟು ಹಾಕ್ತ್ರು. ಹೊಸ್ತಿಲ ಐಸು ತೂಗೂದಿಲ್ಲ."

ಅರ್ಧ ತಾಸು ಯಾರೂ ಸೋಲಲಿಲ್ಲ. ಐಸು ಕರಗುತ್ತಿತ್ತು. ನನ್ನ ತಲೆ ಬಿಸಿಯಾಗಿ ಹೆಲ್ಮೆಟ್ಟು ತೆಗೆದು ಕೈಯಲ್ಲಿ ಹಿಡಿದೆ. ಹೀರಾಬಾಯಿ ಅದನ್ನು ಕಸಿದುಕೊಂಡು, ಬಗ್ಗಿ, ಒಮ್ಮೆ ಬಾಚಿ ತುಂಬಿ, ಬುಟ್ಟಿಗೆ ಸುರಿದರು. ಬುಟ್ಟಿಗೆ ಸರಿಯಾಯಿತು.

"ಬರಿ ತಂಗಿ. ಬುಟ್ಟಿಗೆ ಒಂದು."

ಅನಘಾ ಬರೆದುಕೊಂಡಳು. ಈ ಸಲ ನಗಲಿಲ್ಲ, ಮೂಗಿಗೆ ಕರವಸ್ತ್ರವೂ ಇರಲಿಲ್ಲ.

ಜೂನ್ 15, ಶುಕ್ರವಾರ

ಇಂದಿನಿಂದ ಬಂದ್. ಮಳೆ ಹಿಡಿದಿದೆ. ಬೋಟುಗಳೆಲ್ಲ ದಡಕ್ಕೆ ಬಂದಿವೆ. ಬೆಳಿಗ್ಗೆ ನಮ್ಮ ಅಜ್ಜನನ್ನು ಕೊನೆಯ ಸಲ ನಿಲ್ಲಿಸಿದೆವು. ಗುಂಡಿ ಒತ್ತಿದ್ದು ಬೀರು. ಬೊಮ್ಮಯ್ಯ ಒಂದು ತೆಂಗಿನಕಾಯಿ ಒಡೆದು, ನೀರನ್ನು ಅದರ ಕಾಲ ಬಳಿ ಸುರಿದು, ಹೊರಗೆ ಬಂದರು.

ಆಮೇಲೆ ಸಹಿ. ಗೇಣಿ ಕರಾರು, ಏಳು ವರ್ಷ. ಹೊಸ ಯಂತ್ರದ ಲಾರಿ ಹುಬ್ಬಳ್ಳಿ ದಾಟಿದೆಯಂತೆ. ಉಳಿತಾಯ ಪಾಲು ಮಾಡುವ ಮೊದಲು ತೆಗೆದಿಡಬೇಕಾದ್ದನ್ನು ಕೊನೆಯ ಪುಟದಲ್ಲಿ ಅನಘಾ ಕನ್ನಡದಲ್ಲೇ ಬರೆಸಿದ್ದಳು: 'ಹೊಸ್ತಿಲ ಐಸು, ದಿನಾಲು, ಬುಟ್ಟಿಗೆ ಒಂದು ಹಳದಿ ಹೆಲ್ಮೆಟ್ಟು.' ಬೊಮ್ಮಯ್ಯ ಅದನ್ನು ಎರಡು ಸಲ ಓದಿಸಿ, ಆಮೇಲೆ ಸಹಿ ಹಾಕಿದರು.

ಎಲ್ಲ ಮುಗಿದು ಕಾರು ಹತ್ತುವಾಗ ಶ್ರೀಕಾಂತರು ನನ್ನತ್ತ ನೋಡದೆ ಹೇಳಿದರು: "ಹೆಗಡೆಯವರೇ, ಆ ಹೆಲ್ಮೆಟ್ಟು ಕಂಪನಿ ಸಿಬ್ಬಂದಿಗೆ ಮಾತ್ರ. ವಾಪಸು ಕೊಡಿ."

ನಾನು ತರಲು ಹೊರಟೆ. ಹೀರಾಬಾಯಿ ಬಾಗಿಲಲ್ಲಿ ಅಡ್ಡ ನಿಂತಿದ್ದರು, ಹೆಲ್ಮೆಟ್ಟು ಕಂಕುಳಲ್ಲಿ.

"ಇದು ಹೆಗಡೇರ ತಲೆಗೆ ಕೊಟ್ಟದ್ದು ಮೊದ್ಲು" ಎಂದರು ಕಾರಿನ ಕಡೆಗೆ. "ಈಗ ಕರಾರಿನಲ್ಲಿ ಉಂಟು. ಏಳು ವರ್ಷ ಆಗ್ಲಿ, ಕೊಡ್ತೆ."

ಕಾರು ಹೋಯಿತು. ನಾವು ಕೋಣೆಯಲ್ಲಿ ಉಳಿದಿದ್ದ ಕೊನೆಯ ಗಡ್ಡೆಗಳನ್ನು ಹೊರಗೆ ಎಳೆದೆವು. ಕರಗಿ ಹೋಗುವುದೇ, ಆದರೂ ಬೊಮ್ಮಯ್ಯ, "ಹೆಗಡೇರೆ, ಮೆತ್ತಗೆ ಎಳೀಬೇಡಿ, ಒರಟು ಎಳೀರಿ" ಎಂದು ಕೂಗಿದರು. ಒರಟಾಗಿಯೇ ಎಳೆದೆ. ಹೊಸ್ತಿಲ ತುಂಬ ಚೂರು.

ನಾನು ಮರೆತೇಬಿಟ್ಟಿದ್ದ ಕಪಾಟಿನ ಬದಲಿ ಅಂಗಿ ಇಂದು ಕಣ್ಣಿಗೆ ಬಿತ್ತು. ಬೀರು ಅದರಿಂದ ಅಜ್ಜನ ಎಣ್ಣೆ ಒರೆಸುತ್ತಿದ್ದ. ಯಾವಾಗಿನಿಂದ ಎಂದು ಕೇಳಿದೆ. ತುಂಬಾ ದಿನ ಆಯ್ತಲ್ಲ ಎಂದ.